ಮೊದಲ ನೂರಿಪ್ಪತ್ತು ಮೀಟರ್

ಗಾಳಿಬೀಡೆಂದರೆ ಗಾಳಿ ಬೀಡುಬಿಟ್ಟ ಊರು
ಎಂದವರು ಯಾರೂ ಜನವರಿಯಲ್ಲಿ, ರಾತ್ರಿ ಮೂರೂವರೆಗೆ,
ಇಲ್ಲಿ ನಿಂತವರಲ್ಲ.
ಒಂದೆಲೆ ಅಲುಗುವುದಿಲ್ಲ.
ಶಾಲೆಯ ಹಿಂದಿನ ಗದ್ದೆಯಲ್ಲಿ, ಕೊಯ್ದುಳಿದ ಕೂಳೆಯ ನಡುವೆ
ನಮ್ಮ ರೇಡಾರ್ ಆಕಾಶಕ್ಕೆ ಮುಖಮಾಡಿ ಮಲಗಿದೆ,
ಎರಡು ಮಂಚದಷ್ಟಗಲ, ಸುತ್ತ ತಂತಿಬೇಲಿ,
ದನ ನುಗ್ಗದಂತೆ.

ನೆಟ್ಟಗೆ ಒಂದು, ಓರೆಯಾಗಿ ನಾಲ್ಕು,
ಐದು ಕೂಗು ಕಳಿಸುತ್ತದೆ, ಕಿವಿಗೆ ಕೇಳುವಂಥದಲ್ಲ.
ಮೇಲೆಲ್ಲೋ ಬೆಚ್ಚನೆ ಗಾಳಿ ತಣ್ಣನೆಯದನ್ನು ಉಜ್ಜಿದಲ್ಲಿ
ಸಣ್ಣ ಸುಕ್ಕೇಳುತ್ತದೆ;
ಅದಕ್ಕೆ ತಾಗಿ ಮರಳಿದ ಚೂರುಪಾರು ಸೋಸಿ ಬರೆದುಕೊಳ್ಳುತ್ತೇನೆ:
ಎಂಟುನೂರರಲ್ಲಿ ಮೂಡಣ ಗಾಳಿ, ಸೆಕೆಂಡಿಗೆ ಆರು ಮೀಟರ್.
ನಾನೂರರಲ್ಲಿ ಎರಡು. ಅದೂ ಅನುಮಾನ.
ಮೊನ್ನೆ ಇಡೀ ರಾತ್ರಿ ತೆಂಕಣಕ್ಕೆ ಬೀಸಿದ್ದು
ಗಾಳಿಯೇ ಅಲ್ಲ, ವಲಸೆ ಹಕ್ಕಿ.
ಅಳಿಸಿದೆ. ಅಳಿಸುವಾಗ ಕೈ ಸ್ವಲ್ಪ ತಡೆಯಿತು.

ಮಂಜು ಮಾತ್ರ ಅದಕ್ಕೆ ಕಾಣದು.
ಹನಿ ತೀರ ಸಣ್ಣದು; ಸಾಲದ್ದಕ್ಕೆ
ನೆಲದಿಂದ ನೂರಿಪ್ಪತ್ತು ಮೀಟರ್ ತನಕ ಯಂತ್ರ ಕುರುಡು.
ತನ್ನ ಕೂಗಿನ ಗದ್ದಲ ತನಗೇ ಅಡಗುವ ಮೊದಲು
ಹತ್ತಿರದ ಮರುದನಿ ಬಂದು ಹೋಗಿರುತ್ತದೆ.
ಮಂಜಿರುವುದೋ ಅಷ್ಟರೊಳಗೇ.
ಗದ್ದೆ, ತೋಡು, ಶಾಲೆ, ಮಡಿಕೇರಿಗೆ ಹೋಗುವ ಮೊದಲ ಬಸ್ಸು,
ನಾನು, ಆರಿದ ನನ್ನ ಚಹಾ,
ಎಲ್ಲ ಅಷ್ಟರೊಳಗೇ.

ಕಾವಲಿನ ಪಳಂಗಪ್ಪನವರಿಗೆ ಇದನ್ನು ಹೇಳಿದೆ.
ಮೂವತ್ತು ವರ್ಷ ಅದೇ ಬಸ್ಸು ಓಡಿಸಿದವರು,
ಕಾವಳ ಕವಿದರೆ ತಿರುವುಗಳನ್ನು ಮೂಸಿಯೇ ತಿಳಿದವರು:
ಒಂದಕ್ಕೆ ಹಂದಿಗೂಡು,
ಒಂದಕ್ಕೆ ಕೊಳೆವ ಕಾಫಿಸಿಪ್ಪೆಯ ಹುಳಿ.
ನಗಲಿಲ್ಲ. ಬೀಡಿ ಹಚ್ಚಿ, ಬಾಯಿಗಿಡದೆ,
ಬಗ್ಗಿ ಮೊಣಕಾಲ ಮಟ್ಟಕ್ಕೆ ಹಿಡಿದರು.

ಹೊಗೆ ಮೇಲೇಳಲಿಲ್ಲ.
ಒಂದು ಗಳಿಗೆ ಯೋಚಿಸಿ, ಕೂಳೆ ಸವರಿಕೊಂಡು
ತೋಡಿನ ಕಡೆ ಇಳಿಯಿತು,
ಯಾರನ್ನೂ ಎಬ್ಬಿಸಬಾರದೆಂಬಂತೆ.
ಬೆಟ್ಟದ ಮೈಗೆ ತಾಗಿ ತಣಿದ ಗಾಳಿ
ಹೀಗೇ ಇಳಿಯುತ್ತಿತ್ತು ರಾತ್ರಿಯಿಡೀ
ನನ್ನ ಪಾದದ ಮೇಲಿಂದ.
ನಾನು ತಲೆಯೆತ್ತಿ ಕೂತಿದ್ದೆ.

“ತೋಡು ತುಂಬಿ ಗದ್ದೆ, ಗದ್ದೆ ತುಂಬಿ ರಸ್ತೆ,” ಎಂದರು.
“ಐದಕ್ಕೆ ಶಾಲೆ ಗೇಟು ಕಾಣೂದಿಲ್ಲ, ನೋಡಿ.”

ಐದಕ್ಕೆ ಗೇಟಿರಲಿ, ಬೇಲಿಯೂ ಇಲ್ಲ.
ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಬರೆದೆ:
ಎತ್ತರ, ಮೊಣಕಾಲು. ದಿಕ್ಕು, ತೋಡು.
ವೇಗ, ಪಳಂಗಪ್ಪನವರ ನಡಿಗೆಗಿಂತ ಕಡಿಮೆ.
ಉಪಕರಣ ಎಂಬ ಕಡೆ ಏನು ಬರೆಯಲೆಂದು ಪೆನ್ನು ನಿಂತಿತ್ತು,
ಅಷ್ಟರಲ್ಲಿ ಬಿಳುಪಿನೊಳಗೆಲ್ಲೋ ಹಾರ್ನ್.

“ಹಂದಿಗೂಡು ದಾಟಿತು,” ಎಂದರು ಅವರು,
ಆರಿದ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತ.