ತಲಿದಿಂಬು ಆ ಕಡಿ

ಕಲ್ಲಿನ ಲಾರಿ ಬರಲಿಲ್ಲ.
ಕ್ವಾರಿದಾಗ ಏನೋ ತಕರಾರು, ಎರಡು ತಿಂಗಳಾತು.
ನಂದಿ ಇಲ್ಲದ ಪೀಠದ ಮುಂದ ಎಷ್ಟಂತ ಕೂಡತಾನ ಮೋನಪ್ಪ,
ಕೈ ಸುಮ್ಮನಿರಬೇಕಲ್ಲ.
ವಾಡಿ ಜಂಕ್ಷನ್ನಿನ ಹಳೇ ಆಫೀಸು ಕೆಡವಿದಾಗ
ಗುಜರಿಯವನ ಹತ್ತರ ಕೊಂಡಿದ್ದ ಲಿನೋಲಿಯಂ ಸುರುಳಿ
ಕಂಕುಳಾಗ ಹಿಡಕೊಂಡು ನನ್ನ ಪ್ರೆಸ್ಸಿಗಿ ಬಂದ:
"ಮಶಾಕಣ್ಣ, ಒಂದೀಟು ಕರಿ ಮಸಿ ಕೊಡು."

ಕೊಟ್ಟೆ. ನನಗೂ ಕೆಲಸ ಎಲ್ಲಿತ್ತು?
ಈ ಬ್ಯಾನರಿನ ಕಾಲದಾಗ, ಶಹಾಪುರದಾಗ,
ಅಚ್ಚಿನ ಮೊಳೆ ಜೋಡಿಸೋ ಹುಚ್ಚ ನಾನೊಬ್ಬನೇ.

ಮುಂಜಾನೆ ಆ ತುಂಡು ಬಿಸಿಲಿಗಿ ಇಡತಿದ್ದ.
ನಮ್ಮ ಬಿಸಿಲು ಒಂದಕ್ಕಾದರೂ ಉಪಯೋಗಕ್ಕ ಬಂತು,
ಹನ್ನೊಂದಕ್ಕ ಬೆಣ್ಣಿಯಂಗ ಮೆತ್ತಗ.
ಮುರಿದ ಛತ್ರಿಯ ಕಡ್ಡಿ ಮಸೆದು ಉಳಿ ಮಾಡಿಕೊಂಡ.
ಎಡಗೈ ಅದನ್ನ ಗುರುತು ಹಿಡೀತು.
ಸುತ್ತಿಗಿ ಎತ್ತೋ ಬಲಗೈ ಮಾತ್ರ
ತೊಡಿ ಮ್ಯಾಲ ಸುಮ್ಮನ ಕೂತಿತ್ತು,
ಬೀಗರ ಮನಿಗಿ ಬಂದವರಂಗ.

ಮದಲನೇದು ಗುಡ್ಡ.
ನಮ್ಮೂರ ಗುಡ್ಡ, ಮಲಗಿದ ಬುದ್ಧ ಅಂತಾರ.
ಹಣಿ, ಮೂಗು, ಗದ್ದ, ಎದಿ,
ಎಲ್ಲಾ ಒಂದೇ ಗೀರಿನ್ಯಾಗ.
ಮ್ಯಾಲ ಬಿಳಿ, ಕೆಳಗ ಕರಿ, ಮತ್ತ ಏನೂ ಇಲ್ಲ.
ಮಸಿ ಹಚ್ಚಿ, ಲಗ್ನಪತ್ರಿಕಿಗಿ ತಂದು ಉಳಿದ ಹಾಳಿ ಹಾಸಿ,
ಚಮಚದ ಬೆನ್ನಿಲೆ ತಿಕ್ಕಿ ಎತ್ತಿದ್ರ
ತಲಿ ಇದ್ದಲ್ಲಿ ಕಾಲು, ಕಾಲಿದ್ದಲ್ಲಿ ತಲಿ.

ಚಾದಂಗಡಿಯವರು ಬಿದ್ದು ಬಿದ್ದು ನಕ್ಕರು:
"ಸೆಖಿ ಆಗಿರಬೇಕು,
ತಲಿದಿಂಬು ಆ ಕಡಿ ಒಯ್ದಾನ ಬಿಡ್ರಿ!"
ಮೋನಪ್ಪ ನಗಲಿಲ್ಲ. ನನ್ನ ಕಡಿ ತಿರುಗಿ
"ನಿನಗ ಗೊತ್ತಿತ್ತು. ಹೇಳಲಿಲ್ಲ" ಅಂದ.

ಗೊತ್ತಿತ್ತು, ಖರೆ.
ನಲವತ್ತು ವರ್ಷ ಉಲ್ಟಾ ಅಕ್ಷರ ಓದಿದ ಕಣ್ಣು ನಂದು,
ಆ ತುಂಡಿನ್ಯಾಗ ಏನದ ಅದರ ಉಲ್ಟಾನೇ
ಹಾಳಿ ಮ್ಯಾಲ ಬರತದಂತ ನಿದ್ದಿಗಣ್ಣಾಗೂ ಹೇಳೇನು.
ಆದರ ಕಲ್ಲು ಕಡಿಯವನಿಗಿ ಹ್ಯಾಂಗ ಹೇಳಲಿ?
ಅವಂಗ ಉಲ್ಟಾ ಅನ್ನೋದೇ ಇಲ್ಲ,
ಸುತ್ತ ತಿರುಗಿ ಬೆನ್ನು ನೋಡಿ ಬರತಾನ.
ಹಾಳಿಗಿ ಬೆನ್ನು ಎಲ್ಲಿಂದ ತರೋದು?

ಆಮ್ಯಾಗ ತಿರುವಿ ಕಡಿಯೋದು ಕಲತ.
ಕಾಲುವಿ: ಒಂದು ಬಿಳಿ ಗೀರು, ಬಗ್ಗಿದಲ್ಲಿ ಒಂದು ಬೆಳ್ಳಕ್ಕಿ.
ಎರಿಹೊಲ: ಮುಕ್ಕಾಲು ಹಾಳಿ ಬರೇ ಕರಿ.
"ಕೆಲಸಗಳ್ಳ" ಅಂದೆ.
"ಕೈ ಹಚ್ಚಿದ್ರ ಕೆಡತದ" ಅಂದ.
ಜಾಲಿಗಿಡ ಒಂದಕ್ಕ ಮೂರು ದಿನ ತಗೊಂಡ.
ಒಂದೂ ಮುಳ್ಳಿಲ್ಲ ಅದರಾಗ,
ಆದರೂ ನನ್ನ ಮೊಮ್ಮಗಳು ಮುಟ್ಟಲಿಕ್ಕ ಹೋಗಿ ಕೈ ಹಿಂದ ತಗೊಂಡಳು.

"ಕಲ್ಲಿನ್ಯಾಗ ತೆಗೆದದ್ದು ಧೂಳಾಗಿ ಹೋಗತದ, ಮಶಾಕಣ್ಣ.
ಇದರಾಗ ತೆಗೆದಲ್ಲೆಲ್ಲ ಬಿಸಿಲು ಬಂದು ಕೂಡತದ.
ನೆರಳು ಅಷ್ಟು ಕಾಯಬೇಕು, ನೋಡು."
ಇಷ್ಟು ಮಾತು ಅವನ ಬಾಯಿಂದ ನಾ ಎಂದೂ ಕೇಳಿದ್ದಿಲ್ಲ.
ಸಂಜಿಗಿ ಕಸಬರಗಿ ತಗೊಂಡು
ಅವ ಕೂತಲ್ಲಿ ಬಿದ್ದ ಸಣ್ಣ ಸಣ್ಣ ಸುರುಳಿ ಗುಡಿಸಿದೆ.
ಗುಡ್ಡದ ಮ್ಯಾಲಿನ ಆಕಾಶ ಅದು,
ಅರ್ಧ ಮೊರ ತುಂಬಿತ್ತು.

ನಿನ್ನೆ ಲಾರಿ ಬಂತು.
ಹತ್ತು ಮಂದಿ ಹಾರಿ ಹಾಕಿ ಇಳಿಸಿದರು ಕರಿ ಕಲ್ಲು.
ಮೋನಪ್ಪ ಸುತ್ತ ತಿರುಗಿದ, ತಟ್ಟಿ ದನಿ ಕೇಳಿದ,
ಉಳಿ ಹುಡುಕತಾನ ಅಂದುಕೊಂಡರ
ಒಂದು ಹಾಳಿ ತಂದು ಅದರ ಮೈಗಿ ಒತ್ತಿ
ಚಮಚದಿಂದ ತಿಕ್ಕಲಿಕ್ಕ ಹತ್ತಿದ.
ಏನೂ ಬರಲಿಲ್ಲ. ದಾರಿಯ ಧೂಳು ಒಂದೀಟು.
ಅದನ್ನೂ ಹಗ್ಗಕ್ಕ ಹಾಕಿದ,
ತಲಿದಿಂಬು ಆ ಕಡಿ ಒಯ್ದ ಗುಡ್ಡದ ಪಕ್ಕ.