ಎರಡು ಆಡಿನ ತೂಕ

ಇಬ್ರಿಯಲ್ಲಿ ಮಗ್ರಿಬ್ ಮುಗಿದು
ಅಂಗಡಿಗಳ ಶಟರು ಮತ್ತೆ ಮೇಲೇರುವ ಹೊತ್ತು.
ಫೋನಿನಲ್ಲಿ ತಂಗಿಯನ್ನು ಬೈಯುತ್ತಿದ್ದೆ.
ಕೌಂಟರಿನಾಚೆ ಒಬ್ಬ ನಿಂತು
ಬೈಗುಳ ಪೂರ್ತಿ ಕೇಳಿಸಿಕೊಂಡು, ಮುಗಿದ ಮೇಲೆ
"ನೀವು ನಮ್ಮ ಕಡೇರೇನ್ರಿ, ಅಕ್ಕಾರ?" ಅಂದ.

ನನ್ನದು ಕುಂದಾಪುರ. ಅವನದು ಲಿಂಗಸೂಗೂರಿನ ಆಚೆ.
ನಡುವೆ ಎಷ್ಟು ಬಸ್ಸು ಬದಲಿಸಬೇಕೋ
ಇಬ್ಬರಿಗೂ ಗೊತ್ತಿಲ್ಲ.
ಇಲ್ಲಿ ಮಾತ್ರ ಅದೆಲ್ಲ ನಮ್ಮ ಕಡೆ.

ಹೆಸರು ಯಂಕೋಬ. ಮೈಯೆಲ್ಲ ಆಡಿನ ವಾಸನೆ,
ಅದು ಅವನಿಗೂ ಗೊತ್ತು,
ಒಂದು ಹೆಜ್ಜೆ ಹಿಂದೆಯೇ ನಿಂತು ಕೈ ಚಾಚಿ
ಕೌಂಟರಿನ ಅಂಚು ಹಿಡಿದಿದ್ದ.
ಚೀಲದಿಂದ ತೆಗೆದಿಟ್ಟ: ಬಿಳಿ ಬಾಟಲಿ,
ಚೀಟಿಯ ಮೇಲೆ ಗಡ್ಡದ ಆಡು,
ಅದರ ಕೆಳಗೆ ಅವನು ಓದಲಾರದ ಎರಡು ಲಿಪಿ.

ಮಕ್ಕಳ ಡೈಪರು ಜೋಡಿಸಿದ ಕಪಾಟಿನ ಕಡೆ ತಿರುಗಿ
ಅವಕ್ಕೇ ಹೇಳುವಂತೆ ಹೇಳಿದ:
"ಹೊಟ್ಟಿ ಕಿವುಚತೈತ್ರಿ. ದಾರದಂಥವು ಬೀಳತಾವ.
ಆಡಿಗೆ ಇದನ್ನ ಐದು ಎಮ್ಮೆಲ್ ಹಾಕತೀವಿ.
ಆಡು ಇಪ್ಪತ್ತೆಂಟು ಕೇಜಿ, ನಾ ಐವತ್ತಾರು.
ಶುಕ್ರವಾರದ ಸಂತ್ಯಾಗ ಆಡು ತೂಗೋ ಕೊಕ್ಕಿಗೆ
ನಾನೂ ಜೋತುಬಿದ್ದು ನೋಡೇನ್ರಿ.
ಬರೋಬ್ಬರಿ ಎರಡು ಆಡು. ಹತ್ತು ಸಾಕಲ್ರಿ?"

ಗುಣಾಕಾರದಲ್ಲಿ ತಪ್ಪಿರಲಿಲ್ಲ.
ಇಷ್ಟು ಶ್ರದ್ಧೆಯಿಂದ ತನ್ನನ್ನು ತೂಗಿಕೊಂಡು ಬಂದ ಗಿರಾಕಿಯನ್ನು
ಈ ಆರು ವರ್ಷದಲ್ಲಿ ನಾನು ಕಂಡಿಲ್ಲ.
ತಪ್ಪಿದ್ದದ್ದು ಸಮ ಅನ್ನುವ ಆ ಎರಡು ಗೀಟಿನಲ್ಲಿ.

ಆಡಿಗೆ ಮಾಡಿದ್ದು ಆಡಿಗೇ ಎಂದೆ.
ಅದರಲ್ಲಿ ಬೇರೇನು ಕಲೆಸಿದ್ದಾರೋ, ಎಷ್ಟು ಗಟ್ಟಿಯೋ,
ನಿನ್ನ ಲಿವರಿನ ಮೇಲೆ ಅದನ್ನು ಯಾರೂ ಪರೀಕ್ಷಿಸಿಲ್ಲ.
ಮನುಷ್ಯನ ಮಾತ್ರೆ ಬೇರೆ ಇದೆ, ಒಂದೇ ಒಂದು,
ಎನ್ನುತ್ತ ಕಪಾಟಿಗೆ ಕೈ ಹಾಕಿದೆ.

ಹಾಕಿದ ಕೈ ಅಲ್ಲೇ ನಿಂತಿತು.
ಅಂಚು ಹಿಡಿದಿದ್ದ ಅವನ ಬೆರಳು
ಇನ್ನೂ ಬಿಟ್ಟಿರಲಿಲ್ಲ.

"ಕುಡಿದಾಗಿದೆಯಾ?"

"ಮಧ್ಯಾಹ್ನ ಒಂದು ಆಡಿಂದು ಕುಡದೇನ್ರಿ.
ಇನ್ನೊಂದು ಆಡಿಂದು
ನಿಮ್ಮಂಥೋರನ್ನ ಕೇಳಿ ಕುಡಿಯೋಣಂತ."

ಮಾತ್ರೆ ಕಪಾಟಿನಲ್ಲೇ ಉಳಿಯಿತು.
ಅದರ ಮೇಲೆ ಇದು ಬೇಡ. ವಾಂತಿ ಮಾಡಿಕೊಳ್ಳಬೇಡ.
ಬಾಟಲಿ ಎಸೆಯಬೇಡ, ಡಾಕ್ಟರಿಗೆ ತೋರಿಸಬೇಕು,
ಎಷ್ಟು ಹೊತ್ತಿಗೆ, ಎಷ್ಟು, ನಾಚದೆ ಹೇಳಬೇಕು.
"ಅರ್ಬಾಬ್ ಬೈತಾನ್ರಿ" ಅಂದ.
ನಾನೇ ಹೊರಗೆ ಹೋದೆ.

ಪಿಕಪ್ಪಿನಲ್ಲಿ ಖಲ್ಫಾನ್ ಮುದುಕ ಹಾರ್ನಿನ ಮೇಲೆ ಕೈಯಿಟ್ಟಿದ್ದ.
ನನ್ನ ಮುರುಕು ಅರಬ್ಬಿಯಲ್ಲಿ
ಆಡು, ಔಷಧಿ, ಇವನು, ಹೊಟ್ಟೆ,
ಇಷ್ಟೇ ಪದ ಒದಗಿದವು, ಕ್ರಿಯಾಪದವೇ ಇಲ್ಲ.
ಮುದುಕ ಒಂದು ಕ್ಷಣ ನೋಡಿ
ಮುಂದಿನ ಸೀಟಿನಲ್ಲಿದ್ದ ಹುಲ್ಲಿನ ಕಟ್ಟನ್ನು ರಸ್ತೆಗೆ ತಳ್ಳಿ
ಯಂಕೋಬನನ್ನು ತೋಳು ಹಿಡಿದು ಕೂರಿಸಿದ.
ಆ ಹುಲ್ಲು ರಾತ್ರಿಯಿಡೀ ನನ್ನ ಬಾಗಿಲಲ್ಲೇ ಇತ್ತು.

ಎರಡು ರಾತ್ರಿ ಆಸ್ಪತ್ರೆ. ಆಮೇಲೆ ಇಪ್ಪತ್ತು ದಿನ.
ಬಂದ, ಡಾಕ್ಟರ ಚೀಟಿ ಹಿಡಿದು,
ಅಂಚು ಹಿಡಿಯದೆ ನಿಂತು.
ಮಾತ್ರೆಯ ಲಕೋಟೆಯ ಮೇಲೆ ಪೆನ್ನು ತಂತಾನೇ
ಕನ್ನಡಕ್ಕೆ ಹೊರಳಿತು, ಈ ಕೌಂಟರಿನಲ್ಲಿ ಮೊದಲ ಸಲ:
ಒಂದೇ. ಅಗಿದು ನುಂಗು.
ಉಗುರು ಕತ್ತರಿಸು. ಕೊಟ್ಟಿಗೆಯಿಂದ ಬಂದು ಸೋಪು.

"ಕೋಣ್ಯಾಗ ಇನ್ನೂ ಮೂರು ಮಂದಿ ಅದೀವ್ರಿ.
ಅವರಿಗೂ ಇದ ಒಯ್ಯಲಾ?"
ಅವರ ಹೊಟ್ಟೆ ಅವರೇ ಹೊತ್ತು ಬರಲಿ ಅಂದೆ.
ನಕ್ಕ. ಹಲ್ಲಿನ ನಡುವೆ ಮಾತ್ರೆ ಪುಡಿಯಾಗುವ ಸದ್ದು
ಸೀಮೆಸುಣ್ಣ ಮುರಿದ ಹಾಗೆ.

ಹೋಗುವಾಗ ಫೋನು ತೆಗೆದು ಒಂದು ಫೋಟೋ ತೋರಿಸಿದ.
ಜೊತೆಗಾರ ಮೊಫಜ್ಜಲನಿಗೆ ಕನ್ನಡ ಬರುವುದಿಲ್ಲ,
ಅದಕ್ಕೇ ಬಾಟಲಿಯ ಮೇಲೆ, ಆಡಿನ ಪಕ್ಕ,
ಕಪ್ಪು ಮಾರ್ಕರಿನಲ್ಲಿ ಒಬ್ಬ ಮನುಷ್ಯನನ್ನು ಬರೆದಿದ್ದಾನೆ,
ಕಡ್ಡಿಕಾಲು, ಗುಂಡುತಲೆ, ಟೋಪಿ ಬೇರೆ.
ಮೇಲೆ ದಪ್ಪಗೆ ಒಂದು ಅಡ್ಡಗೆರೆ.

ಆಡು ಹಾಗೇ ಇದೆ, ಗಡ್ಡ ಸಮೇತ.