ಒಂದು ತೂತಿನ ಲೆಕ್ಕ

ಶ್ರಾವಣಿ ಚಿಪ್ಪಾ ಅಂತ ಹೆಸರು.
ಮನ್ಯಾಗ ತೆಲುಗು, ದವಾಖಾನ್ಯಾಗ ಮರಾಠಿ,
ನನ್ನ ಮುಂದ ತಡವರಿಸಿಕೋತ ಕನ್ನಡ.
ಮೂರನೇ ಹಾಳಿ ತಿರುವಿ ಕೇಳ್ತಾಳ:
"ಕಾಕಾ, ರಾತ್ರಿ ಎಷ್ಟು ಸಲ ಏಳ್ತೀರಿ?"

ಅರವತ್ತೇಳು ವರ್ಷದ ಗಂಡಸು,
ಹೆಣ್ಣುಮಗಳ ಮುಂದ ಉಚ್ಚಿ ಸುದ್ದಿ ಹೆಂಗ ಆಡ್ಲಿ?
ಬೆರಳ ತೋರಿಸಿದೆ. ನಾಕು.
ಐದನೇದ್ದು ತಾನ ಎದ್ದಿತು.

"ತಮ್ಮ ಅದಾರೇನು?"
ಅದಾನ. ಭೀಮಿ ಆಚೆ.
ಅಲ್ಲಿ ಅಂವ ಮಲ್ಲಿನಾಥ ಧೂಳಖೇಡ,
ಇಲ್ಲಿ ಸೋಲಾಪುರದಾಗ ನಾನು ರೇವಪ್ಪ ಧೂಳಖೇಡೆ.
ಮಿಲ್ಲಿನ ಕಾರಕೂನ ಮಸ್ಟರ್ ಬರಿಯೂ ಮುಂದ
ಬಾಲಕ್ಕ ಕಟ್ಟಿದ ಒಂದು ಎತ್ವ, ಅಷ್ಟ ಫರಕು.
ಅವಗ ಸಕ್ರಿ ರೋಗ, ಹದಿನೆಂಟು ವರ್ಷದ್ದು.
ನನಗ ಸಕ್ರಿ ಇಲ್ಲ ತಾಯಿ,
ನನಗ ಇದು. ನೆಲ್ಲಿಕಾಯಿಯಷ್ಟು ಗ್ರಂಥಿ,
ಹೆಸರ ಗೊತ್ತಿಲ್ಲದ ಇಷ್ಟು ವರ್ಷ ಹೊತ್ತಕೊಂಡು ತಿರಗೀನಿ,
ಈಗ ಅದರಾಗ ಕ್ಯಾನ್ಸರ್ ಅಂತಾರ.

"ಇನ್ಸುಲಿನ್ ಅಂದ್ರ ಯಾರವ್ವಾ?"
ಸೂಜಿ ತಗದು, ಹತ್ತಿ ಒತ್ತಿ, ಹೇಳಿದಳು:
ಬಾಗಲ ಬಡಿಯಾಂವ. ಸಕ್ರಿ ಬಂದದ, ತಗೀರಿ, ಅಂತ
ಮನಿಮನಿಗಿ ಕೂಗಿಕೋತ ಹೋಗಾಂವ.
ಕೆಲವೊಬ್ರ ಮನ್ಯಾಗ ಚಿಲಕ ಬಿಗಿ.
ಅಂವ ಇನ್ನೂ ಜೋರಲೆ ಬಡೀತಾನ.
ಆ ಸಪ್ಪಳಕ್ಕ ಬಾಜೂ ಓಣಿ ಎಚ್ಚರಾಗಿ,
ಕೆಲಸ ಬಂತಂತ ತಿಳಕೊಂಡು,
ಬ್ಯಾಡಾದ ಮನಿ ಮ್ಯಾಲ ಮನಿ ಕಟ್ಟತದ.
"ಚಿಲಕ ಯಾಕ ಬಿಗಿ?"
ಒಂದಕ್ಷರ, ಕಾಕಾ. ಮುನ್ನೂರು ಕೋಟಿ ಅಕ್ಷರದೊಳಗ.

ಅದನ್ನ ನನಗ ಹೇಳಬ್ಯಾಡ ಮಗಳ.
ನಲವತ್ತು ವರ್ಷ ಜಕಾರ್ಡ್ ಕಾರ್ಡಿಗೆ ತೂತು ಹೊಡದಾಂವ ನಾನು.
ತೂತಿದ್ರ ಎಳಿ ಏಳತದ, ಇಲ್ಲಂದ್ರ ಇಲ್ಲ.
ಎಂಬತ್ತೇಳರಾಗ ಒಂದ ತೂತು ತಪ್ಪಿ
ಚಾದರಿನ ನವಿಲೆಲ್ಲಾ ಕಣ್ಣು ಮುಚ್ಚಿ ಬಂದವು.
ಶೇಠ ಬೈದ. ಮಾಲೇನು ತಿರುಗಿ ಬರಲಿಲ್ಲ.
ಎಷ್ಟೋ ಮಂದಿ ಆ ಮಲಗಿದ ನವಿಲ ಹೊತ್ತಕೊಂಡು
ಬೆಚ್ಚಗ ಮಲಗಿರಬೇಕು.

"ಹಂಗಾದ್ರ ಇದು ಹಣೆಬರಹ ಅನ್ನು."
ಅಲ್ಲ, ಅಂದಳು. ತಕ್ಕಡಿ ಮ್ಯಾಲ ಒಂದು ಗುಲಗಂಜಿ.
ಆಮ್ಯಾಲ ದನಿ ಇಳಿಸಿ:
ಸಕ್ರಿ ತರೂ ಅಕ್ಷರ ಕೆಲವು
ಇದನ್ನ ತುಸು ದೂರ ಇಡತಾವಂತ.
ಯಾಕಂತ ಪೂರಾ ತಿಳದಿಲ್ಲ,
ಅದಕ್ಕ ಬೇಕು ನಿಮ್ಮಿಬ್ಬರ ನೆತ್ತರ.

ಹದಿನೆಂಟು ದೀಪಾವಳಿ
ಅವನ ಎದುರಿಗೆ ಕುಂತು ಜಿಲೇಬಿ ತಿಂದೀನಿ.
ಸಪ್ಪನ ಚಾ ಕುಡಕೋತ ಅಂವ ನನ್ನ ಬಾಯಿ ನೋಡಾಂವ.
"ನಿನ್ನ ಪಾಲಿಂದೂ ನಾನ ತಿಂತೀನಿ" ಅಂತ ನಗತಿದ್ದೆ.
ಯಾರ ಪಾಲು ಯಾರು ತಿಂದ್ರೋ.

ಐದನೇ ಸಲ ಎದ್ದಾಗ ಫೋನ್ ಹಚ್ಚಿದೆ.
ಒಂದ ರಿಂಗಿಗೆ ಎತ್ತಿದ.
ಸಕ್ರಿಯವರಿಗೂ ರಾತ್ರಿ ಇದ ಗತಿ ಅಲ್ಲ!
ಹೊಳಿ ಆಚೆ ಅಂವ, ಈಚೆ ನಾನು,
ಕತ್ತಲದಾಗ ಗ್ವಾಡಿ ಹಿಡಕೊಂಡು ನಿಂತೀವಿ.
"ಸ್ವಾಮಾರ ಬಾ. ಒಂದು ಶೀಶೆ ನೆತ್ತರ ಕೊಡೂದದ."
"ಯಾಕ?"
"ಎತ್ವದ ಲೆಕ್ಕ."
ತಿಳೀಲಿಲ್ಲ ಅವಗ. ಸುಮ್ಮನಾದ. ಆಮ್ಯಾಲ ಕೇಳಿದ:
"ಉಪಾಸ ಬರಲೇನು, ಉಂಡು ಬರಲೇನು?"